ಹದಿನೇಳಕ್ಕೂ ಹದಿನೆಂಟಕ್ಕೂ ನಡುವಿನ ಮನೆ

ನನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಪ್ರಶ್ನೆ ಕೇಳುವುದು ಅಂತ ಹೇಳುತ್ತೇನೆ. ನಿಜವೂ ಅಷ್ಟೆ. ಎಲ್ಲಾದರೂ ಕೆರೆ ಒಡೆದರೆ, ಮನೆ ಬಿದ್ದರೆ, ಸಿಡಿಲು ಬಡಿದರೆ, ಗಲಾಟೆಯೆಲ್ಲ ಮುಗಿದು ಜೀಪುಗಳು ವಾಪಸ್ ಹೋದ ಮೇಲೆ ನಾನು ಆ ಊರಿಗೆ ಹೋಗುತ್ತೇನೆ. ಹೆಗಲಿಗೊಂದು ಚೀಲ, ಚೀಲದಲ್ಲಿ ಫಾರಂಗಳು. ಅವತ್ತು ನಿಮಗೆ ಮೊದಲು ಹೇಗೆ ಗೊತ್ತಾಯಿತು, ಯಾರು ಹೇಳಿದರು, ಆಮೇಲೆ ಏನು ಮಾಡಿದಿರಿ ಅಂತ ಮನೆಮನೆಯಲ್ಲೂ ಕೇಳಿ ಬರೆದುಕೊಂಡು ಬರುತ್ತೇನೆ. ಬೆಂಗಳೂರಿನ ಸಂಶೋಧಕರು ಪ್ರಶ್ನೆ ಬರೆದು ಕಳಿಸುತ್ತಾರೆ, ಕೇಳುವ ಬಾಯಿ ನನ್ನದು. ಇದಕ್ಕೂ ಸಂಬಳ ಕೊಡುತ್ತಾರೆ ಅನ್ನುವುದನ್ನು ಶಿರಾದ ನಮ್ಮ ಪಕ್ಕದ ಮನೆಯಾಕೆ ಇವತ್ತಿಗೂ ನಂಬುವುದಿಲ್ಲ.

ನಮ್ಮಮ್ಮನೂ ನಂಬುತ್ತಿರಲಿಲ್ಲ. ‘ಊರವರ ಕಷ್ಟ ಎಲ್ಲಾ ಕೇಳ್ಕೊಂಡು ಬತ್ತೀಯ, ನನ್ನ ಮಂಡಿನೋವು ಹೆಂಗೈತೆ ಅಂತ ಕೇಳಕ್ಕೆ ಮಾತ್ರ ನಿಂಗೆ ಪುರಸೊತ್ತಿಲ್ಲ’ ಅನ್ನುತ್ತಿದ್ದಳು. ಸಂಜೆ ಬಸ್ಸಿಳಿದು ನಮ್ಮ ಬೀದಿ ತಿರುಗುವಷ್ಟರಲ್ಲಿ ಜಗುಲಿಯಿಂದಲೇ ‘ಲೇ ಕೂಸೇ, ಬಂದ್ಯಾ?’ ಅಂತ ಕೂಗುವಳು. ನಲವತ್ತೇಳು ವರ್ಷದ ಹೆಂಗಸನ್ನು ಬೀದಿಯವರೆಲ್ಲ ಕೇಳುವ ಹಾಗೆ ಕೂಸೇ ಅನ್ನಬೇಡ, ಮಾನ ಹೋಗುತ್ತೆ ಅಂತ ನಾನು ರೇಗುತ್ತಿದ್ದೆ. ಈಗ ಬೀದಿ ತಿರುಗುವಾಗ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ಹಾಗೆ ಕೂಗುವವರು ಇನ್ನು ಯಾರೂ ಇಲ್ಲ. ಇನ್ನೊಂದು ಸಲ ಕೂಗಿಸಿಕೊಳ್ಳಬೇಕು ಅಂತ ಎಷ್ಟು ಆಸೆಯಾಗುತ್ತದೆ ಅಂದರೆ, ಹೇಳಿಕೊಳ್ಳುವುದಕ್ಕೂ ನಾಚಿಕೆ.

ಅವಳು ತೀರಿಕೊಂಡ ವರ್ಷವೇ ಆ ಊರಿನ ಕೆರೆ ಒಡೆದದ್ದು. ಊರಿನ ಹೆಸರು ಹೇಳುವುದಿಲ್ಲ. ಮಧುಗಿರಿ ತಾಲ್ಲೂಕು, ಕೊರಟಗೆರೆಯ ಗಡಿಗೆ ಹತ್ತಿರ, ಅಷ್ಟು ಸಾಕು. ಟ್ಯಾಂಕರಿಗೆ ಕೊಡ ಹಿಡಿದು ಸಾಲು ನಿಂತು ಬೆಳೆದವರು ನಾವು. ಮಳೆ ಬರಲಿ ಅಂತ ಕಪ್ಪೆಗೆ ಮದುವೆ ಮಾಡಿದ ಸೀಮೆ. ಅಂಥ ಕಡೆ ಮಳೆ ಹಿಡಿದು ಬಿಡದೆ ಸುರಿದು, ಎಷ್ಟೋ ವರ್ಷ ಜಾಲಿ ಬೆಳೆದುಕೊಂಡು ಬಿದ್ದಿದ್ದ ಕೆರೆ ತುಂಬಿ, ಕೋಡಿ ಬಿದ್ದು, ಒಂದು ಸಂಜೆ ಏರಿಯೇ ಕಿತ್ತುಕೊಂಡು ಹೋಯಿತು. ಕೆಳಗಿನ ಬೀದಿಯ ಮನೆಗಳಿಗೆಲ್ಲ ನೀರು ನುಗ್ಗಿತು. ಆದರೂ ಮನೆಯೊಳಗಿದ್ದವರು ಒಬ್ಬರೂ ಸಾಯಲಿಲ್ಲ. ಸತ್ತದ್ದು ಒಬ್ಬ ನೀರುಗಂಟಿ, ಅಂದರೆ ಕೆರೆಯ ತೂಬು ನೋಡಿಕೊಳ್ಳುತ್ತಿದ್ದವನು. ಕಚೇರಿಯ ಕಾಗದದಲ್ಲಿ ‘ಏರಿಯ ಹತ್ತಿರ ಕೊಚ್ಚಿಹೋದ ವ್ಯಕ್ತಿ’ ಅಂತ ಇತ್ತು. ಅವನ ಹೆಂಡತಿ ಪಾವಗಡದ ಕಡೆಯ ತವರಿನಲ್ಲಿದ್ದಾಳೆ ಅಂತ ಯಾರೋ ಅಂದಿದ್ದರು. ಅಲ್ಲಿಗೆ ನಾವು ಅವಳ ಸುದ್ದಿ ಬಿಟ್ಟೆವು.

ನಮ್ಮ ಸಂಶೋಧನೆಯ ಮುಖ್ಯ ಪ್ರಶ್ನೆ ಒಂದೇ ಇತ್ತು: ಅಷ್ಟು ಜನ ಉಳಿದದ್ದು ಹೇಗೆ? ಎಚ್ಚರಿಕೆ ಅವರಿಗೆ ಯಾವ ದಾರಿಯಲ್ಲಿ ಬಂತು? ಫೋನಿನಲ್ಲೋ, ಟೀವಿಯಲ್ಲೋ, ಸರ್ಕಾರದವರಿಂದಲೋ? ಬೆಂಗಳೂರಿನಿಂದ ಬಂದಿದ್ದ ಪ್ರೊಫೆಸರು ಒಳ್ಳೆಯ ಮನುಷ್ಯ, ಆದರೆ ಎಲ್ಲಕ್ಕೂ ಒಂದು ವಿಧಾನ ಇರಬೇಕು. ಮೊದಲ ದಿನವೇ ನನ್ನಿಂದ ಮೂರು ಮಾತು ತೆಗೆದುಕೊಂಡರು. ಯಾರ ಹೆಸರನ್ನೂ ಬರೆಯಬಾರದು, ಮನೆಗೆ ನಂಬರು ಮಾತ್ರ. ಒಂದು ಮನೆಯವರು ಹೇಳಿದ್ದನ್ನು ಇನ್ನೊಂದು ಮನೆಯವರಿಗೆ ಹೇಳಬಾರದು. ಏನನ್ನೂ ಕೊಡಿಸುತ್ತೇನೆ ಅಂತ ಆಸೆ ತೋರಿಸಬಾರದು. ‘ಆಯ್ತು ಸರ್, ಬಾಯಿಗೆ ಬೀಗ’ ಅಂದೆ. ಅವರು ನಗಲಿಲ್ಲ.

ಮನೆಗಳ ಲೆಕ್ಕ ಹಿಡಿಯುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಊರಿನ ಹೆಂಗಸರನ್ನೇ ಸೇರಿಸಿ, ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಅವರ ಊರಿನ ನಕ್ಷೆ ಅವರ ಕೈಯಲ್ಲೇ ಬರೆಸುವುದು. ಪೆನ್ನು ಕೊಟ್ಟರೆ ‘ನಮಗೆ ಬರ್ಯಕ್ಕೆ ಬರಾಕಿಲ್ಲ’ ಅನ್ನುವವರು ರಂಗೋಲಿ ಕೊಟ್ಟರೆ ಊರನ್ನೇ ಬಿಡಿಸಿಬಿಡುತ್ತಾರೆ. ಅವತ್ತೂ ಹಾಗೇ ಆಯಿತು. ಗುಡಿಯ ಮುಂದೆ ನೆಲ ಗುಡಿಸಿ, ನೀರು ಚಿಮುಕಿಸಿ, ಏಳೆಂಟು ಜನ ಕೂತರು. ಬಿಳಿ ಪುಡಿಯಲ್ಲಿ ಬೀದಿ, ಇಟ್ಟಿಗೆ ಪುಡಿಯಲ್ಲಿ ಮನೆ, ಬೇವಿನ ಸೊಪ್ಪಿಟ್ಟು ತೋಪು, ನೀಲಿ ಪುಡಿಯಲ್ಲಿ ನೀರು ಬಂದ ದಾರಿ. ‘ಲೇ, ನಿಮ್ಮನೆ ಅಷ್ಟು ದೊಡ್ಡದೇನೇ? ಚಿಕ್ಕದು ಮಾಡೇ’ ಅಂತ ಒಬ್ಬಳು, ‘ನಿನಗ್ಯಾಕೆ ಹೊಟ್ಟೆಯುರಿ’ ಅಂತ ಇನ್ನೊಬ್ಬಳು. ನಗು ಕೇಳಿ ಗಂಡಸರೂ ಬಂದು ನಿಂತರು.

ಪುಡಿಯ ಡಬ್ಬಗಳನ್ನು ಹಿಡಿದುಕೊಂಡು ಹೋಗಿದ್ದವಳು ನಾನೇ, ಆದರೆ ನಾನು ಒಂದು ಗೆರೆಯನ್ನೂ ಎಳೆಯಲಿಲ್ಲ. ಒಬ್ಬಳು ‘ನೀವೂ ಒಂದು ಗೆರೆ ಎಳೀರಿ ಮೇಡಂ’ ಅಂತ ಚಿಟಿಕೆ ಪುಡಿ ಚಾಚಿದಾಗ ‘ನನಗೆ ಕೈ ಕೂಡಲ್ಲ ಕಣಮ್ಮ’ ಅಂತ ಸುಳ್ಳು ಹೇಳಿದೆ. ನಮ್ಮಮ್ಮ ಹೋಗಿ ಆರು ತಿಂಗಳಾಗಿತ್ತು. ಸಾವಾದ ಮನೆಯ ಬಾಗಿಲಿಗೆ ವರ್ಷ ತುಂಬುವವರೆಗೆ ರಂಗೋಲಿ ಹಾಕುವುದಿಲ್ಲ, ಆ ಮನೆಯ ಹೆಂಗಸು ಪುಡಿ ಮುಟ್ಟುವುದಿಲ್ಲ. ನಾನು ಅದೆಲ್ಲ ನಂಬುವವಳಲ್ಲ. ಆದರೂ ಮುಟ್ಟಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ನಾನು ಮಾಡಿದ ತಪ್ಪು ಗೊತ್ತಿಲ್ಲದವಳ ತಪ್ಪಲ್ಲ.

ಕೆಳಗಿನ ಬೀದಿ ಬಿಡಿಸುವಾಗ ಒಂದು ಕಡೆ ಹೆಂಗಸರ ಕೈ ನಿಂತಿತು. ಸಾಲಾಗಿ ಮನೆ ಬರೆದುಕೊಂಡು ಬಂದವರು ಒಂದು ಮನೆಯಷ್ಟು ಜಾಗ ಬಿಟ್ಟು ಮುಂದಿನದನ್ನು ಬರೆದರು. ಆ ಜಾಗದ ಎದುರು ಮನೆಯ ಅಜ್ಜಿ, ಬೊಚ್ಚು ಬಾಯಿ, ಕೈಯಲ್ಲಿ ಯಾವಾಗಲೂ ಎಲೆಯಡಿಕೆ ಚೀಲ, ಆ ಬಿಟ್ಟ ಜಾಗದಲ್ಲಿ ಒಂದು ಸಣ್ಣ ಕಲ್ಲು ಇಟ್ಟಳು.

‘ಇದೇನಜ್ಜಿ ಇಲ್ಲಿ?’ ಅಂದೆ.

‘ಅದಾ? ಅದು ಹಂಗೇ ಇರ್ಲಿ ಬುಡಮ್ಮ.’

ಬಿಟ್ಟೆ. ನಕ್ಷೆಯನ್ನು ಚಾರ್ಟ್ ಹಾಳೆಗೆ ಇಳಿಸಿಕೊಂಡೆ. ಮನೆಗಳಿಗೆ ನಂಬರು ಹಾಕುತ್ತಾ ಹೋಗಿ ಹದಿನೇಳಕ್ಕೂ ಹದಿನೆಂಟಕ್ಕೂ ನಡುವೆ ‘ಖಾಲಿ ಜಾಗ’ ಅಂತ ನನ್ನ ದುಂಡು ಅಕ್ಷರದಲ್ಲಿ ಬರೆದೆ. ಮಾರನೇ ದಿನ ಬೀದಿಯಲ್ಲಿ ಹೋಗುವಾಗ ಅಲ್ಲೊಂದು ಮನೆ ಇದ್ದದ್ದು ಕಂಡಿತು. ಒಂದು ಪಕ್ಕದ ಗೋಡೆ ಕುಸಿದಿತ್ತು, ಮುಂಬಾಗಿಲಿಗೆ ತುಕ್ಕು ಹಿಡಿದ ಬೀಗ, ಹೊಸ್ತಿಲ ಮುಂದೆ ಕಸ. ಪಾಳು ಬಿದ್ದಿದೆ ಅಂದುಕೊಂಡು ದಾಟಿಹೋದೆ. ನಮ್ಮ ಮನೆಯ ಹೊಸ್ತಿಲೂ ಆರು ತಿಂಗಳಿಂದ ಹಾಗೇ ಬೋಳಾಗಿತ್ತಲ್ಲ, ಅದನ್ನು ದಿನಾ ದಾಟಿ ಬಸ್ಸಿಗೆ ಬರುತ್ತಿದ್ದೆನಲ್ಲ, ಆದರೂ ಹೊಳೆಯಲಿಲ್ಲ ನೋಡಿ. ಬಾಗಿಲಿಗೆ ಹಾಕುವ ರಂಗೋಲಿ ಬೇರೆ, ಸಂಶೋಧನೆಗೆ ಹಾಕಿಸುವ ರಂಗೋಲಿ ಬೇರೆ ಅಂತ ನನ್ನ ತಲೆಯಲ್ಲಿ ಕೂತಿತ್ತು. ಆ ಹೆಂಗಸರಿಗೆ ಎರಡೂ ಒಂದೇ.

ಮೂರು ದಿನ ಫಾರಂ ತುಂಬಿದೆ. ‘ಎಚ್ಚರಿಕೆ ಯಾರಿಂದ ಬಂತು?’ ಅನ್ನುವುದಕ್ಕೆ ಐದು ಉತ್ತರ ಮೊದಲೇ ಅಚ್ಚಾಗಿರುತ್ತವೆ, ಅದರಲ್ಲಿ ಒಂದಕ್ಕೆ ನಾನು ಗುರುತು ಹಾಕಬೇಕು. ಎಲ್ಲಾ ಮನೆಯಲ್ಲೂ ಒಂದೇ ಉತ್ತರ. ಬಾಗಿಲು ಬಡಿದು ಕೂಗಿದರು. ಯಾರು? ಊರವರೇ. ಮೂರನೆಯ ಉತ್ತರ: ನೆರೆಹೊರೆಯವರು. ಗುರುತು ಹಾಕು, ಮುಂದಕ್ಕೆ ಹೋಗು. ಎದುರು ಮನೆಯ ಅಜ್ಜಿಯದ್ದಂತೂ ಬಾಯಿ ನಿಲ್ಲುತ್ತಿರಲಿಲ್ಲ.

‘ಕೂಗ್ದ ಕಣಮ್ಮ. ನನ್ನ ಬಾಗಿಲು ಬಡ್ದು ಬಡ್ದು ಕೂಗ್ದ. ಆಮ್ಯಾಕೆ ಎದುರುಗಡೆ...’

‘ಊರಿನವರೇ ತಾನೆ ಅಜ್ಜಿ ಕೂಗಿದ್ದು?’

‘ಊರೋನೇ, ಇನ್ಯಾರು. ಆಮ್ಯಾಕೆ ಅವ್ನು ಎದುರು ಬಾಗ್ಲಿಗೆ ಹೋಗಿ...’

‘ಇರಜ್ಜಿ, ಒಂದೊಂದೇ ಹೇಳು. ಕೂಗಿದ ಮೇಲೆ ನೀನು ಮನೆ ಬಿಡಕ್ಕೆ ಎಷ್ಟು ಹೊತ್ತಾಯ್ತು?’

ಅಜ್ಜಿ ನನ್ನ ಮುಖ ನೋಡಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡು, ‘ನೀನು ಕೇಳಿದ್ದಷ್ಟೇ ಹೇಳ್ತೀನಿ ಬುಡು’ ಅಂದಳು. ಒಳ್ಳೆಯದಾಯಿತು, ಬೇಗ ಮುಗಿಯುತ್ತದೆ ಅಂದುಕೊಂಡೆ. ಸತ್ತವನು ಒಂದು ಕಾಗದದಲ್ಲಿದ್ದ, ಕೂಗಿದವನು ಇನ್ನೊಂದು ಕಾಗದದಲ್ಲಿದ್ದ. ಇಬ್ಬರೂ ಒಬ್ಬನೇ ಅನ್ನುವುದು ಊರಿಗೆಲ್ಲ ಗೊತ್ತಿದ್ದರಿಂದ ಯಾರೂ ಬಿಡಿಸಿ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಮೂರನೇ ದಿನ ಮಧ್ಯಾಹ್ನ ಮೂರೂವರೆಗೆ ಕೆಲಸ ಮುಗಿಸಿ ಅರಳಿಕಟ್ಟೆಯ ಮೇಲೆ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಒಬ್ಬ ಹೆಂಗಸು ಚೊಂಬಿನಲ್ಲಿ ಮಜ್ಜಿಗೆ ತಂದಳು. ನನಗಿಂತ ಐದಾರು ವರ್ಷ ಚಿಕ್ಕವಳಿರಬೇಕು, ಮಾತಿನಲ್ಲಿ ಪಾವಗಡದ ಕಡೆಯ ತೆಲುಗಿನ ಎಳೆತ. ನಾನು ಕುಡಿದು ಚೊಂಬು ಕೊಡುವವರೆಗೂ ಕಾದಳು.

‘ಅಮ್ಮಾ, ನಮ್ಮನೆಗೆ ಯಾವಾಗ ಬತ್ತೀರ?’

‘ನಿಮ್ಮ ಮನೆ ಯಾವುದಮ್ಮ?’

‘ಕೆಳಗ್ಲ ಬೀದಿ. ಅಜ್ಜಿ ಮನೆ ಎದುರಿಗೆ.’ ಚೊಂಬು ಕೆಳಗಿಟ್ಟು ಅಂದಳು, ‘ಮೂರು ದಿನದಿಂದ ಕಾಯ್ತಾ ಇದೀನಿ. ಇವತ್ತು ಬತ್ತಾರೆ, ನಾಳೆ ಬತ್ತಾರೆ ಅಂತ ಕೆಲಸಕ್ಕೂ ಹೋಗ್ನಿಲ್ಲ. ಆಚೆ ಮನೆಗೆ ಬಂದ್ರಿ, ಈಚೆ ಮನೆಗೆ ಬಂದ್ರಿ. ನಮ್ಮನೆ ಮಾತ್ರ ದಾಟ್ಕೊಂಡು ಹೋದ್ರಿ.’

ಚೀಲದಿಂದ ಚಾರ್ಟ್ ತೆಗೆದು ಬಿಚ್ಚಿದೆ. ಹದಿನೇಳು, ಖಾಲಿ ಜಾಗ, ಹದಿನೆಂಟು. ಅಯ್ಯೋ ನನ್ನ ಕರ್ಮವೇ! ಆ ಕಲ್ಲು, ಹೆಂಗಸರ ನಿಂತ ಕೈ, ನನ್ನ ಮನೆಯ ಬೋಳು ಹೊಸ್ತಿಲು, ಎಲ್ಲಾ ಒಟ್ಟಿಗೆ ತಲೆಗೆ ಬಡಿಯಿತು. ಸಾವಾದ ಮನೆಗೆ ಯಾರು ತಾನೆ ರಂಗೋಲಿ ಹಾಕುತ್ತಾರೆ? ಇವಳು ಆ ನೀರುಗಂಟಿಯ ಹೆಂಡತಿ. ಹೆಚ್ಚು ಕಳೆದುಕೊಂಡ ಮನೆಯನ್ನೇ ಬಿಟ್ಟು ಉಳಿದವರ ಕಷ್ಟ ಕೇಳಿ ಫಾರಂ ತುಂಬಿದ್ದೆ. ಆ ಹೆಂಗಸು ಓದು ಬರದ ಕಣ್ಣಿನಲ್ಲಿ ಚಾರ್ಟ್ ನೋಡುತ್ತಾ ‘ಇದ್ರಾಗೆ ನಮ್ಮನೆ ಎಲ್ಲೈತಮ್ಮ?’ ಅಂದಳು. ನಾನು ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಬಸ್ಸು ಬಂತು, ಹೋಯಿತು. ನಾನು ಅವಳ ಹಿಂದೆ ನಡೆದೆ.

ಅವಳು ಮುಂಬಾಗಿಲಿಗೆ ಕರೆದುಕೊಂಡು ಹೋಗಲಿಲ್ಲ. ಹಿತ್ತಲಿನಿಂದ ಸುತ್ತಿ, ಕುಸಿದ ಗೋಡೆಗೆ ತಡಿಕೆ ಕಟ್ಟಿದ್ದ ಕಡೆಯಿಂದ ಒಳಗೆ ಹೋದೆವು. ‘ಬೀಗ ಅವತ್ತಿಂದೇ. ಅವ್ರು ಹಾಕ್ಕೊಂಡು ಹೋಗಿದ್ದು. ಬೀಗದ ಕೈ ಅವ್ರ ಉಡಿದಾರದಾಗಿತ್ತು. ಅವ್ರು ಸಿಕ್ಕಿದ್ರು, ಬೀಗದ ಕೈ ಸಿಗ್ನಿಲ್ಲ’ ಅಂದಳು. ಒಡೆಸಬಹುದಿತ್ತಲ್ಲ ಅಂದೆ. ‘ಅವ್ರ ಕೈಯಾಗೆ ಹಾಕಿದ್ದು ಕಣಮ್ಮ’ ಅಂದಳು.

ಫಾರಂ ತೆಗೆದೆ, ಮೊದಲ ಪ್ರಶ್ನೆ ಕೇಳಿದೆ, ಆಮೇಲೆ ಪೆನ್ನು ಕೆಳಗಿಟ್ಟೆ. ಅವಳು ಮೂರು ದಿನದಿಂದ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದನ್ನು ಒಂದೇ ಸಮ ಹೇಳಿದಳು. ಅವನಿಗೆ ಕೆರೆ ಅಂದರೆ ಪ್ರಾಣ. ಮಳೆ ಹಿಡಿದ ಮೇಲೆ ದಿನಕ್ಕೆ ನಾಲ್ಕು ಸಲ ಏರಿಯ ಕೆಳಗೆ ಹೋಗಿ, ಕಲ್ಲಿನ ಸಂದಿಯಿಂದ ಜಿನುಗುವ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡುತ್ತಿದ್ದ. ‘ತಿಳಿ ನೀರು ಜಿನುಗಿದ್ರೆ ಕೆರೆ ಉಸ್ರಾಡ್ತಾ ಐತೆ ಅಂತ, ಕೆಂಪು ನೀರು ಬಂದ್ರೆ ಒಳಗೆ ಮಣ್ಣು ಕರಗ್ತಾ ಐತೆ, ನಿಲ್ಬಾರ್ದು, ಓಡ್ಬೇಕು ಅಂತ. ಅವ್ರಪ್ಪ ಹೇಳ್ಕೊಟ್ಟಿದ್ದಂತೆ.’ ಅವತ್ತು ಸಂಜೆ ಕೆಂಪು ನೀರು ಬಂದಿರಬೇಕು. ಓಡಿದ, ಆದರೆ ದಿಬ್ಬದ ಕಡೆಗಲ್ಲ, ಬೀದಿಯ ಕಡೆಗೆ. ಮನೆಮನೆಯನ್ನೂ ಎಬ್ಬಿಸಿ, ತೂಬು ಪೂರ್ತಿ ಎತ್ತಿದರೆ ಸ್ವಲ್ಪವಾದರೂ ಒತ್ತಡ ಇಳಿಯುತ್ತದೆ ಅಂತ ವಾಪಸ್ ಏರಿಗೆ ಹೋದ. ಅಷ್ಟೇ.

‘ನಾನು ಊರಾಗಿರ್ನಿಲ್ಲ. ತವರಿಗೆ ಹೋಗಿದ್ದೆ, ನಮ್ಮಣ್ಣನ ಮಗೂಗೆ ತೊಟ್ಲು ಶಾಸ್ತ್ರ.’ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ‘ಅವ್ರು ಮಾತು ಕಮ್ಮಿ. ಆದ್ರೆ ನನ್ನ ಮಾತ್ರ ಆಡ್ಕೊಳೋರು. ನಮ್ಮ ಕಡೆ ತೆಲುಗಾಗೆ ಹೆಂಡ್ತೀನ ಕೂಗಲ್ವಾ, ಹಂಗೆ ಏಮೇ, ಏಮೇ ಅಂತ ಹತ್ತು ಸಲ ಕೂಗೋರು. ಅವರಿಗೆ ಬತ್ತಿದ್ದ ತೆಲುಗೇ ಇಂಥವು ಎರಡು ಮಾತು. ನಾನು ಒಲೆ ಮುಂದೆ ಕೂತು ವಸ್ತಾ ಉಂಡಾ ಅನ್ನೋಳು. ಬತ್ತಾ ಇದೀನಿ ಅಂತ. ಅಂದು ಅಲ್ಲೇ ಕೂತಿರೋಳು, ಏಳ್ತಿರ್ನಿಲ್ಲ.’ ನಕ್ಕಳು. ನಗು ಅರ್ಧಕ್ಕೆ ನಿಂತಿತು.

ಆಮೇಲೆ ಅವಳು ಮೂರು ದಿನದಿಂದ ಕಾದದ್ದು ಯಾತಕ್ಕೆ ಅನ್ನುವುದನ್ನು ಕೇಳಿದಳು.

‘ಅಮ್ಮಾ, ನೀವು ಎಲ್ಲಾರ ಮನೇಲೂ ಕೇಳಿದ್ದೀರಲ್ಲ. ಅವತ್ತು ಅವ್ರು ಏನಂತ ಕೂಗಿದ್ರಂತೆ? ಬೀದಿಯೋರೆಲ್ಲಾ ಕೇಳಿಸ್ಕೊಂಡವ್ರೆ. ನಾನೊಬ್ಬಳೇ ಕೇಳಿಸ್ಕೊಂಡಿಲ್ಲ. ಅವ್ರು ಕಡೇದಾಗಿ ಆಡಿದ್ದು ಏನು ಅಂತ ನನಗೆ ಬೇಕು. ಕೇಳಿದ್ರೆ ಎಲ್ಲಾರೂ ತಲೆ ಬಗ್ಗಿಸ್ಕೊಂಡು ಹೋಗ್ಬುಡ್ತಾರೆ. ನೀವು ಬರ್ಕೊಂಡಿದ್ದೀರಲ್ಲ, ಓದಿ ಹೇಳಿ.’

ನಿಯಮದ ಪ್ರಕಾರ ನಾನು ಹೇಳುವ ಹಾಗಿರಲಿಲ್ಲ. ಆದರೆ ನಿಯಮದ ಮಾತು ಆಮೇಲಿನದು. ನಾನು ಫಾರಂಗಳ ಕಟ್ಟು ಬಿಚ್ಚಿ ಒಂದೊಂದೇ ತಿರುವಿದೆ. ಮೂರು. ಮೂರು. ಮೂರು. ಮೂರು. ಪ್ರತಿ ಹಾಳೆಯಲ್ಲೂ ನನ್ನ ಕೈಯ ಗುರುತು, ನೆರೆಹೊರೆಯವರು. ಒಂದು ಹಾಳೆಯಲ್ಲೂ ಅವನ ಒಂದು ಮಾತೂ ಇರಲಿಲ್ಲ. ಹೇಳಬಾರದು ಅಂತ ಮಾತು ಕೊಟ್ಟಿದ್ದೆ ಸರಿ, ಹೇಳೋಣ ಅಂದರೂ ನನ್ನ ಹತ್ತಿರ ಏನೂ ಇರಲಿಲ್ಲ. ‘ಬರ್ಕೊಂಡಿಲ್ಲ ಕಣಮ್ಮ’ ಅಂದೆ. ಅವಳು ನಂಬಲಿಲ್ಲ. ಅಷ್ಟು ದಪ್ಪ ಕಟ್ಟು ಇಟ್ಟುಕೊಂಡು ಇಲ್ಲ ಅಂದರೆ ಯಾರು ನಂಬುತ್ತಾರೆ?

ಶಿರಾದ ಕಡೇ ಬಸ್ಸಿನಲ್ಲಿ ಕೂತು ಅತ್ತೆ. ಕಿಟಕಿಯಾಚೆ ಮಧುಗಿರಿ ಬೆಟ್ಟ ಕಪ್ಪಗೆ ಹಿಂದೆ ಸರಿಯುತ್ತಿತ್ತು. ನಮ್ಮಮ್ಮನ ನೆನಪು ಬಂತು. ಅವಳು ಕಡೇ ದಿನಗಳಲ್ಲಿ ಏನೋ ಹೇಳಲು ಶುರು ಮಾಡಿದಾಗೆಲ್ಲ ‘ಇರಮ್ಮ, ಮೊದಲು ಮಾತ್ರೆ ನುಂಗು’ ಅನ್ನುತ್ತಿದ್ದೆ. ಎಲ್ಲರ ಬಾಯಿಗೂ ಅಡ್ಡ ಹಾಕುವುದೇ ನನ್ನ ಅಭ್ಯಾಸ ಆಗಿಬಿಟ್ಟಿದೆ. ಪಕ್ಕದಲ್ಲಿ ಕೂತಿದ್ದ ತಾವರೆಕೆರೆಯ ಹೆಂಗಸು ಯಾಕಮ್ಮ ಅಂತ ಕೇಳಿದಳು. ಧೂಳು ಅಂದೆ.

ಮನೆಗೆ ಹೋದವಳೇ ಪ್ರೊಫೆಸರಿಗೆ ಫೋನು ಮಾಡಿದೆ. ಒಂದು ಮನೆ ಬಿಟ್ಟುಹೋಗಿದೆ, ತಪ್ಪು ನನ್ನದು, ಅದೂ ಎಂಥಾ ಮನೆ ಅಂತ ಎಲ್ಲಾ ಹೇಳಿದೆ. ಕೆಂಪು ನೀರಿನ ವಿಷಯ ಹೇಳಿದಾಗ ಅವರು ‘ಒಂದು ನಿಮಿಷ, ಇನ್ನೊಮ್ಮೆ ಹೇಳಿ’ ಅಂದರು. ಬರೆದುಕೊಳ್ಳುವ ಸದ್ದು ಕೇಳಿಸಿತು. ಆ ಮನೆಗೆ ಹದಿನೇಳು ಎ ಅಂತ ನಂಬರು ಕೊಡೋಣ ಅಂದರು. ಅದಕ್ಕಾಗಿ ನಾನು ಫೋನು ಮಾಡಿರಲಿಲ್ಲ.

‘ಸರ್, ಆಕೆಗೆ ಅವನ ಮಾತು ಬೇಕು.’

‘ಮೇಡಂ, ಬೇರೆಯವರ ಉತ್ತರ ನಾವು ಆಕೆಗೆ ಕೊಡುವ ಹಾಗಿಲ್ಲ. ನಿಮಗೇ ಗೊತ್ತು.’

‘ಕೊಡೋಕೆ ನಾವೇನು ಬರ್ಕೊಂಡಿದ್ದೀವಿ ಸರ್? ಒಬ್ಬ ಮನುಷ್ಯ ಊರು ಉಳಿಸಕ್ಕೆ ಬಾಯಿ ಹರ್ಕೊಂಡು ಕೂಗಿದ್ದಾನೆ. ನಾವು ಅವನನ್ನ ಮೂರು ಅಂತ ಬರ್ಕೊಂಡು ಬಂದಿದ್ದೀವಿ!’

ರೇಗಿಬಿಟ್ಟೆ. ಕೆಲಸ ಹೋದರೂ ಹೋಗಲಿ ಅನ್ನಿಸಿತ್ತು. ಆಮೇಲೆ ಅವರು ನಿಧಾನವಾಗಿ ಅಂದರು, ‘ಇನ್ನೊಂದು ವಿಧಾನ ಇದೆ. ನಾವು ಬರೆದದ್ದನ್ನು ಊರಿನವರ ಮುಂದೆ ಓದಿ ಹೇಳೋದು. ಸರಿ ಇದೆಯಾ, ಏನು ಬಿಟ್ಟಿದ್ದೀವಿ ಅಂತ ಅವರನ್ನೇ ಕೇಳೋದು. ಅಲ್ಲಿ ಅವರಾಗೇ ಆಕೆಯ ಮುಂದೆ ಮಾತಾಡಿದರೆ ನಮ್ಮ ಮಾತು ತಪ್ಪಿದ ಹಾಗಾಗಲ್ಲ. ಆದರೆ ಒತ್ತಾಯ ಮಾಡಬೇಡಿ. ಮೊದಲು ಆಕೆಯನ್ನು ಕೇಳಿ.’ ಮಹಾರಾಯ, ಇದನ್ನು ಮೊದಲೇ ಹೇಳಬಾರದಿತ್ತೇ ಅಂದುಕೊಂಡೆ, ಬಾಯಲ್ಲಿ ‘ಆಯ್ತು ಸರ್’ ಅಂದೆ.

ಎರಡು ವಾರ ಬಿಟ್ಟು, ಒಂದು ಬೆಳಗ್ಗೆ, ಅದೇ ಗುಡಿಯ ಮುಂದೆ ಜನ ಸೇರಿದರು. ಅವಳನ್ನು ಮೊದಲೇ ಕೇಳಿದ್ದೆ, ‘ಬತ್ತೀನಿ’ ಅಂದಿದ್ದಳು. ಬಂದು ಹೆಂಗಸರ ಹಿಂದೆ ಕಂಬಕ್ಕೆ ಒರಗಿ ಕೂತಳು. ಅವಳನ್ನು ಕಂಡು ಜನರ ಮಾತು ತಗ್ಗಿತು. ಪ್ರೊಫೆಸರು ಓದಿದರು. ಕೆರೆ ತುಂಬಿದ್ದು, ಕೋಡಿ ಬಿದ್ದದ್ದು, ನೀರು ಬಂದ ದಾರಿ. ‘ಊರಿನವರೊಬ್ಬರು ಬಾಗಿಲು ಬಡಿದು ಎಚ್ಚರಿಸಿದರು’ ಅಂತ ಓದಿ ನಿಲ್ಲಿಸಿ ನನ್ನ ಕಡೆ ನೋಡಿದರು.

ನಾನು ಎದ್ದು ನಿಂತೆ. ‘ಇಲ್ಲಿ ನಾನು ತಪ್ಪು ಮಾಡಿದ್ದೀನಿ. ಯಾರು ಅಂತ ನೀವು ಹೇಳಬೇಡಿ, ನಾವು ಹೆಸರು ಬರೆಯೋ ಹಾಗಿಲ್ಲ. ಅವತ್ತು ನಿಮ್ಮ ನಿಮ್ಮ ಬಾಗಿಲಲ್ಲಿ ಏನಂತ ಕೂಗಿದ್ರು? ನಾನು ಅದನ್ನ ಕೇಳಲೇ ಇಲ್ಲ. ಹೇಳಬೇಕು ಅನ್ನಿಸಿದವರು ಮಾತ್ರ ಹೇಳಿ.’

ಎಲ್ಲರೂ ನೆಲ ನೋಡುತ್ತಿದ್ದರು. ಕಡೆಗೆ ಗಂಡಸರ ಸಾಲಿನಲ್ಲಿದ್ದ ಒಬ್ಬ ದಪ್ಪ ಮೀಸೆಯವನು, ‘ಆಯಮ್ಮನ ಮುಂದೆ ಹೆಂಗೆ ಹೇಳಾದು ಮೇಡಂ? ನಾವೆಲ್ಲಾ ಉಳ್ಕೊಂಡ್ವಿ ಅಂತ ಹೇಳ್ದಂಗೆ ಆಗಲ್ವಾ’ ಅಂದ. ಅಷ್ಟರಲ್ಲಿ ಹಿಂದಿನಿಂದ ಅವಳೇ ಅಂದಳು:

‘ಹೇಳಣ್ಣ. ನೀವು ಉಳೀಲಿ ಅಂತಾನೇ ಅಲ್ವಾ ಅವ್ರು ಕೂಗಿದ್ದು.’

ಆ ದಪ್ಪ ಮೀಸೆಯವನು ಟವೆಲಿನಿಂದ ಮುಖ ಒರೆಸಿಕೊಂಡು ಶುರು ಮಾಡಿದ. ‘ನಾನು ಟೀವಿ ನೋಡ್ತಾ ಕೂತಿದ್ದೆ. ಲೇ, ಕೆಂಪು ನೀರು ಬಂತು ಕಣ್ಲಾ, ಎದ್ದೇಳ್ಲಾ, ಟೀವಿ ಆಮ್ಯಾಕೆ ನೋಡೀವಂತೆ ಅಂತ ಬೈದ.’ ಯಾರೋ ನಕ್ಕರು. ಇನ್ನೊಬ್ಬಳು, ‘ನಮ್ಮನ್ಯಾಗೆ, ಮಗೀನ ಎತ್ಕೊಳ್ಳವ್ವ, ಪಾತ್ರೆ ಪರಟಿ ಮುಟ್ಬ್ಯಾಡ, ದಿಬ್ಬಕ್ಕೆ ಹತ್ತು ಅಂದ. ಅವನೇ ಮಗೀನ ನನ್ನ ಸೊಂಟಕ್ಕೆ ಹಾಕ್ದ’ ಅಂದಳು. ಒಬ್ಬ ಹುಡುಗಿಗೆ ‘ಪುಸ್ತಕದ ಚೀಲ ಬುಡು ತಾಯಿ, ಮೊದ್ಲು ನೀನು ನಡಿ’ ಅಂದಿದ್ದನಂತೆ. ಒಂದು ಮನೆಯಲ್ಲಿ ಎಮ್ಮೆಯ ಹಗ್ಗ ಕುಡುಗೋಲಿನಲ್ಲಿ ಕೊಯ್ದು ಹೋಗಿದ್ದ. ಒಬ್ಬೊಬ್ಬರದೂ ಬೇರೆ ಬೇರೆ. ಮೂರು ಅಂತ ನಾನು ಬರೆದದ್ದರಲ್ಲಿ ಇಷ್ಟೆಲ್ಲಾ ಇತ್ತು. ಅವಳು ಕಂಬ ಬಿಟ್ಟು ಮುಂದೆ ಮುಂದೆ ಸರಿದು ಹೆಂಗಸರ ನಡುವೆ ಬಂದು ಕೂತಿದ್ದಳು. ಮಾತಾಡುವವರ ಬಾಯನ್ನೇ ನೋಡುತ್ತಿದ್ದಳು.

ಎಲ್ಲರದೂ ಮುಗಿದ ಮೇಲೆ ನಾನು ಅಜ್ಜಿಯ ಕಡೆ ತಿರುಗಿದೆ. ‘ಅಜ್ಜಿ, ಅವತ್ತು ನೀನೇನೋ ಹೇಳಕ್ಕೆ ಬಂದೆ. ನಾನು ತಡೆದುಬಿಟ್ಟೆ. ಎದುರು ಬಾಗಿಲು ಅಂದೆ.’

‘ನೀನು ಕೇಳ್ದೆಲ್ಲಿ?’ ಅಂದಳು ಅಜ್ಜಿ. ಎಲೆಯಡಿಕೆ ಉಗಿದು ಬಂದು ಕೂತಳು. ಮಾತು ನನ್ನ ಕಡೆಗಿರಲಿಲ್ಲ, ಎದುರು ಮನೆಯವಳ ಕಡೆಗಿತ್ತು.

‘ನನ್ನ ಎಬ್ಬಿಸ್ದ ಕಣೇ. ಅಜ್ಜಿ, ಕೋಳಿ ಹಿಡ್ಯಕ್ಕೆ ಹೋಗ್ಬ್ಯಾಡ, ಬಾ ಅಂತ ಕೈ ಹಿಡ್ದು ಈಚೆಗೆ ತಂದು ಬುಟ್ಟ. ಆಮ್ಯಾಕೆ ಸೀದಾ ನಿಮ್ಮನೆ ಬಾಗ್ಲಿಗೆ ಹೋದ. ದಬದಬ ಬಡ್ದ. ಏಮೇ, ಲೆಯ್ಯೇ, ಏಮೇ ಅಂತ ಕೂಗ್ದ. ನಿಮ್ಮ ಮಾತು ನನಗೇನು ಗೊತ್ತು, ಅವನು ಅಂದಿದ್ದು ಹಂಗೆ.’

‘ಬೀಗ ಹಾಕಿತ್ತಲ್ಲಜ್ಜಿ’ ಅಂದಳು ಅವಳು. ‘ನಾನು ಇರ್ನಿಲ್ಲ.’

‘ಹೂಂ ಕಣೇ. ಅವ್ನೇ ಹಾಕಿದ್ದ ಬೀಗ. ನಾನೂ ಅಂದೆ, ಲೇ, ಅವಳು ತವರಿಗೆ ಹೋಗವಳಲ್ಲೋ ಅಂತ. ಅಷ್ಟೊತ್ಗೆ ಎರಡು ಸಲ ಕೂಗಿಬುಟ್ಟಿದ್ದ. ಬೀಗ ಹಿಡ್ಕೊಂಡು ನೋಡ್ದ. ಆಹಾ, ಸದ್ಯ, ಇಲ್ಲ ಅವಳು ಅಂದ. ನಗ್ತಾ ಅಂದ. ಅಂದು ಏರಿ ಕಡೆಗೆ ಓಡ್ದ. ಅಷ್ಟೇ ಕಣವ್ವ, ಇನ್ನೇನೂ ಅನ್ನಿಲ್ಲ.’

ಲೆಯ್ಯೇ ಅಂದರೆ ಏಳೇ ಅಂತ. ತೆಲುಗು ಬರದಿದ್ದರೂ ಗುಡಿಯ ಮುಂದೆ ಅದು ಅರ್ಥವಾಗದವರು ಯಾರೂ ಇರಲಿಲ್ಲ. ಪ್ರೊಫೆಸರು ಕನ್ನಡಕ ತೆಗೆದು ಒರೆಸುತ್ತಾ ಕೂತಿದ್ದರು. ನನಗೆ ನಮ್ಮ ಬೀದಿಯ ತಿರುವು, ಜಗುಲಿ, ಲೇ ಕೂಸೇ ಅನ್ನುವ ಕೂಗು, ಎಲ್ಲಾ ಒಂದೇ ಸಲಕ್ಕೆ ನುಗ್ಗಿ ಬಂದವು.

ಅವಳು ಅಳಲಿಲ್ಲ. ಅಜ್ಜಿಯ ಮೊಣಕಾಲಿನ ಮೇಲೆ ಕೈಯಿಟ್ಟು, ‘ಇನ್ನೊಂದ್ಸಲ ಹೇಳಜ್ಜಿ, ಅವ್ರು ಕೂಗ್ದಂಗೆ’ ಅಂದಳು.

ಅಜ್ಜಿ ಸುತ್ತ ನೋಡಿದಳು. ಸೆರಗು ಸರಿಮಾಡಿಕೊಂಡಳು. ಆಮೇಲೆ ಆ ಬೊಚ್ಚು ಬಾಯಿಯಲ್ಲಿ, ಬೀದಿಗೆಲ್ಲ ಕೇಳುವ ಹಾಗೆ, ಗಂಡಸಿನ ಗಡಸು ತಂದುಕೊಂಡು ಕೂಗಿದಳು: ‘ಏಮೇ! ಲೆಯ್ಯೇ! ಏಮೇ!’

‘ಆಂ, ವಸ್ತಾ ಉಂಡಾ’ ಅಂದಳು ಅವಳು, ಒಲೆಯ ಮುಂದೆ ಕೂತು ಅನ್ನುತ್ತಿದ್ದ ಸ್ವರದಲ್ಲೇ. ಅಂದು, ಅಲ್ಲೇ ಕೂತಿದ್ದಳು. ನಾವು ಯಾರೂ ಏನೂ ಬರೆದುಕೊಳ್ಳಲಿಲ್ಲ.